ಕೃಷ್ಣೆಯಾಚೆಯ ಮಗ್ಗದ ಊರುಗಳು

ಪ್ರವಾಸವೆಂದರೆ ಊಟಿ, ಗೋವಾ, ವೇಳಾಂಗಣಿ ಎಂದುಕೊಳ್ಳುವವರೇ ಹೆಚ್ಚು. ರಾಯಚೂರಿನ ಸ್ನೇಹಿತ ಗುರುಗಳ ಬಳಿ ಎರಡು ದಿನ ತಂಗಿದ್ದ ನಾವು ಈ ಸಲ ಪಕ್ಕದ ಮೂರು ಊರುಗಳನ್ನು ನೋಡಿಬರೋಣವೆಂದು ಹೊರಟೆವು.

ಶಕ್ತಿನಗರದ ಬಳಿ ಕೃಷ್ಣಾ ನದಿ ದಾಟಿದರೆ ತೆಲಂಗಾಣ. ಬೋರ್ಡಿನ ಅಕ್ಷರಗಳು ತೆಲುಗಾದವು, ಆದರೆ ಕನ್ನಡದ ಮಾತು ನಿಲ್ಲಲಿಲ್ಲ. ಗಡಿಯ ಹಳ್ಳಿಗಳಲ್ಲಿ ಕನ್ನಡ ಶಾಲೆಗಳೂ ಇವೆ. ಮಕ್ತಲ್‌ನಲ್ಲಿ ಚಹಾಕ್ಕೆ ನಿಂತಾಗ ಒಂದೇ ಬೆಂಚಿನ ಮೇಲೆ ತೆಲುಗು, ಉರ್ದು, ಕನ್ನಡ ಮೂರೂ ಕೇಳಿಸಿದವು. ಯಾರಿಗೂ ಅದು ವಿಶೇಷವೆನಿಸಲಿಲ್ಲ.

2019ರಲ್ಲಿ ಜಿಲ್ಲಾ ಕೇಂದ್ರವಾದ ನಾರಾಯಣಪೇಟೆಯ ಓಣಿಗಳಲ್ಲಿ ಮಗ್ಗದ ಸದ್ದೇ ದಾರಿ ತೋರಿಸುತ್ತದೆ. ಚೌಕಳಿಯ ಒಡಲು, ಗೋಪುರದಂಥ ಅಂಚು, ಇದು ಇಲ್ಲಿನ ಸೀರೆಯ ಗುರುತು. ಶಿವಾಜಿಯ ಸೈನ್ಯದೊಡನೆ ಬಂದ ನೇಕಾರರು ಇಲ್ಲೇ ಉಳಿದರೆಂದು ಊರವರು ಹೇಳುತ್ತಾರೆ. ಒಂದು ಮನೆಯಲ್ಲಿ ನಮ್ಮ ತಾಯಿಯವರಿಗಾಗಿ ಸೀರೆ ನೋಡಿದೆವು. ಬೆಲೆ ಕೇಳಿ, ಅಭ್ಯಾಸಬಲದಿಂದ ಚೌಕಾಸಿಗೆ ಇಳಿದೆವು. ಮನೆಯ ಅಜ್ಜಿ ಬೇಸರಿಸಲಿಲ್ಲ. “ಯಾವೂರ್ರಿ ನಿಮ್ದು? ಸ್ವಲ್ಪ ಕೂಡ್ರಿ, ನೋಡ್ರಿ” ಎಂದು ಕನ್ನಡದಲ್ಲೇ ಹೇಳಿ ಮಗ್ಗದ ಪಕ್ಕ ಕೂರಿಸಿದರು. ಅರ್ಧ ಗಂಟೆ ಕಳೆಯಿತು. ಮಗನ ಕೈಕಾಲುಗಳು ಬಿಡುವಿಲ್ಲದೆ ಆಡಿದರೂ ಬೆಳೆದ ಬಟ್ಟೆ ಅಂಗೈ ಅಗಲವೂ ಇರಲಿಲ್ಲ. ಮತ್ತೆ ಬೆಲೆಯ ಮಾತೆತ್ತಲು ನಮಗೆ ನಾಲಿಗೆ ಬರಲಿಲ್ಲ. ಕೇಳಿದಷ್ಟು ಕೊಟ್ಟೆವು. ದುಡಿದವನಿಗೆ ತಕ್ಕ ಕೂಲಿ ಸಲ್ಲಬೇಕೆಂದು ಪೀಠದಿಂದ ಎಷ್ಟು ಸಲ ಬೋಧಿಸಿದ್ದೇವೋ!

ಅಲ್ಲಿಂದ ಜುರಾಲ ಅಣೆಕಟ್ಟೆಯ ದಾರಿಯಾಗಿ ಗದ್ವಾಲಕ್ಕೆ ಬಂದೆವು. 17ನೇ ಶತಮಾನದಲ್ಲಿ ಸೋಮಭೂಪಾಲ ಕಟ್ಟಿಸಿದ ಕೋಟೆಯೊಳಗೆ ಚೆನ್ನಕೇಶವ ಗುಡಿಯಿದೆ, ಕಾಲೇಜೂ ಇದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು ಹಿಂದೆ ರಾಯಚೂರು ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಆಂಧ್ರಪ್ರದೇಶಕ್ಕೆ ಹೋದವು. ಊರು ಇದ್ದಲ್ಲೇ ಇತ್ತು, ಗೆರೆ ಮಾತ್ರ ಸರಿಯಿತು. ನೆಂಟಸ್ತಿಕೆಗಳು ಗೆರೆಯನ್ನು ಕೇಳಲಿಲ್ಲ.

ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಈ ಎರಡನ್ನು ಆಮೇಲೆ ಸೂಜಿಯಿಂದ ಹೊಲಿಯುವುದಿಲ್ಲ. ನೇಯುವಾಗಲೇ ಒಡಲಿನ ಎಳೆ ಅಂಚಿನ ಎಳೆಯನ್ನು ಹಿಡಿದುಕೊಳ್ಳುವಂತೆ ಕೂಡಿಸುತ್ತಾರೆ. ಹತ್ತಿ ಹತ್ತಿಯಾಗಿಯೇ ಉಳಿಯುತ್ತದೆ, ರೇಷ್ಮೆ ರೇಷ್ಮೆಯಾಗಿಯೇ. ಆದರೂ ಸೀರೆ ಒಂದೇ.

ಶಿಲುಬೆಯ ಕೆಳಗೆ ಸೈನಿಕರು ಪ್ರಭುವಿನ ಹೊಲಿಗೆಯಿಲ್ಲದ ಅಂಗಿಯನ್ನು ಹರಿಯದೆ ಚೀಟಿ ಹಾಕಿದ್ದು ನಮಗೆ ನೆನಪಾಯಿತು. ಅದನ್ನೂ ಯಾರೋ ಒಬ್ಬರು ಮಗ್ಗದ ಮುಂದೆ ಕುಳಿತು ನೇಯ್ದಿರಬೇಕು. ಅವರ ಹೆಸರು ಯಾರಿಗೂ ತಿಳಿಯದು.

ಸೀರೆ ಕೈಗಿತ್ತಾಗ ತಾಯಿಯವರು ಎಂದಿನಂತೆ “ಎಷ್ಟು ಕೊಟ್ಟೆಯೋ?” ಎಂದರು. ನಾವು ಬೆಲೆ ಹೇಳಲಿಲ್ಲ, ಅಜ್ಜಿಯ ಮನೆಯ ಕಥೆ ಹೇಳಿದೆವು. ಪ್ರಿಯ ಕುಟುಂಬಗಳೇ, ಹಬ್ಬಕ್ಕೆ ಬಟ್ಟೆ ಕೊಳ್ಳುವಾಗ ಅದನ್ನು ನೇಯ್ದ ಕೈಗಳಿಗಾಗಿ ಒಂದು ಗಳಿಗೆ ಪ್ರಾರ್ಥಿಸೋಣ. ಚೌಕಾಸಿಯನ್ನೂ ಸ್ವಲ್ಪ ಕಡಿಮೆ ಮಾಡೋಣ.