ಹೆಸರು ಬೇಡ, ಊರು ಬೇಡ

ಬೇಗೂರು ಮೈಸೂರು–ಊಟಿ ಹೆದ್ದಾರಿಯ ಮೇಲಿನ ಹೋಬಳಿ ಊರು. ನಂಜನಗೂಡು ದಾಟಿದ ಬಸ್ಸು ಗುಂಡ್ಲುಪೇಟೆಗೆ ಮುಂಚೆ ಇಲ್ಲಿ ನಿಲ್ಲುತ್ತದೆ. ಮೊಬೈಲು ಬರುವ ಮೊದಲು ಮನೋವೈದ್ಯರ ಮಾತು ಇಂಥ ಊರುಗಳಿಗೆ ತಲುಪುತ್ತಿದ್ದದ್ದು ಪತ್ರಿಕೆಯ ಕಟ್ಟಿನ ಜೊತೆಗೇ. ವಾರಪತ್ರಿಕೆಯ ಪ್ರಶ್ನೋತ್ತರದ ಪುಟವನ್ನು ಟೀ ಅಂಗಡಿಯಲ್ಲಿ ಯಾರೂ ಗಟ್ಟಿಯಾಗಿ ಓದುತ್ತಿರಲಿಲ್ಲ, ಓದದೆ ಬಿಡುತ್ತಲೂ ಇರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದವರು, ಎಷ್ಟು ತೊಳೆದರೂ ಕೈ ಕೊಳೆಯೆನ್ನಿಸುವವರು, ಗಂಡನ ಕುಡಿತಕ್ಕೆ ಸೋತವರು ಅಲ್ಲಿಗೆ ಕಾಗದ ಬರೆಯುತ್ತಿದ್ದರು. ಕಾರ್ಡಾದರೆ ದಾರಿಯಲ್ಲಿ ಯಾರಾದರೂ ಓದಿಯಾರೆಂಬ ಭಯಕ್ಕೆ ಇನ್‌ಲ್ಯಾಂಡ್ ಲೆಟರನ್ನೇ ಕೊಳ್ಳುತ್ತಿದ್ದರು. ಪ್ರಶ್ನೆಯ ಕೆಳಗೆ ‘ಹೆಸರು ಬೇಡ, ಊರು ಬೇಡ’ ಎಂದು ಅಚ್ಚಾಗುತ್ತಿತ್ತು. ಉತ್ತರ ಬರುವಷ್ಟರಲ್ಲಿ ವಾರಗಳು ಕಳೆದಿರುತ್ತಿದ್ದವು. ಈಗ ಅದೇ ಟೀ ಅಂಗಡಿಯ ಬೆಂಚಿನ ಮೇಲೆ ಕೂತವರ ಅಂಗೈಯಲ್ಲಿ ಮನೋವೈದ್ಯರು, ಆಪ್ತಸಮಾಲೋಚಕರು ಮೂವತ್ತು ಸೆಕೆಂಡಿನಲ್ಲಿ ಖಿನ್ನತೆಯ ಲಕ್ಷಣ ಹೇಳಿ ಮುಗಿಸುತ್ತಾರೆ. ಈ ಬದಲಾವಣೆಯಲ್ಲಿ ಗಳಿಸಿದ್ದು ಬಹಳ. ಕಳೆದುಕೊಂಡದ್ದು ಒಂದೇ, ಆ ನಾಲ್ಕು ಪದಗಳ ಹಿಂದಿದ್ದ ಎಚ್ಚರ. ಅದನ್ನು ಮರಳಿ ತರದಿದ್ದರೆ ಗಳಿಸಿದ್ದೂ ಉಳಿಯಲಾರದು ಎಂಬುದು ನನ್ನ ವಾದ.

ಮನಸ್ಸಿನ ವಿದ್ಯೆ ಬಲ್ಲವರು ಹೊಸ ಮಾಧ್ಯಮದ ಕಡೆ ನಡೆದದ್ದು ಈ ಸೀಮೆಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿದ್ದು ಆ ಮನೆಯಿಂದ. ‘ಕೊರವಂಜಿ’ ಪತ್ರಿಕೆಯಿಂದ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ‘ಮನಮಂಥನ’ ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮನೋವೈದ್ಯಕೀಯದ ಪುಸ್ತಕವೊಂದು ಸಾಹಿತ್ಯದ ಪ್ರಶಸ್ತಿ ಪಡೆದದ್ದು ಕನ್ನಡದ ಹೆಮ್ಮೆ. ಆಮೇಲೆ ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಬರೆದ ಅಂಕಣಗಳು, ಪುಟ್ಟ ಪುಸ್ತಕಗಳು ‘ಗಾಳಿ ಸೋಂಕು’ ಎನ್ನುತ್ತಿದ್ದ ಮನೆಗಳಿಗೆ ‘ಇದು ಕಾಯಿಲೆ, ಇದಕ್ಕೆ ಮದ್ದಿದೆ’ ಎಂಬ ಮಾತನ್ನು ಮುಟ್ಟಿಸಿದವು. ಆದ್ದರಿಂದ ಮನೋವೈದ್ಯರಿಗೆ ಇನ್‌ಸ್ಟಾಗ್ರಾಂ ಏಕೆ ಎಂದು ಮೂಗು ಮುರಿಯುವವರ ಜೊತೆ ನಾನಿಲ್ಲ. ಗೋಪಾಲಸ್ವಾಮಿಯವರ ಕಾಲಕ್ಕೆ ರೇಡಿಯೊ ಇದ್ದಂತೆ ಇವತ್ತಿಗೆ ಇದು.

ಅಗತ್ಯವೂ ಸಣ್ಣದಲ್ಲ. ಬುದ್ಧಿ ಕೆಟ್ಟಿತೆಂದರೆ ಮಹದೇಶ್ವರನ ಬೆಟ್ಟಕ್ಕೆ ಹರಕೆ, ಚಿಕ್ಕಲ್ಲೂರಿನ ಸಿದ್ದಪ್ಪಾಜಿಗೆ ಮೊರೆ, ಅಲ್ಲಿಗೂ ಆಗದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆ ಅಥವಾ ಬೆಂಗಳೂರು; ಇದು ಈ ಭಾಗದ ಹಳೆಯ ದಾರಿ. ಹರಕೆಯನ್ನು ನಾನು ಹಳಿಯುವುದಿಲ್ಲ, ನೊಂದ ಮನೆಗೆ ಅದೂ ಆಸರೆ. ಆದರೆ ಮದ್ದು ತಡವಾದಷ್ಟೂ ಕಾಯಿಲೆ ಬೇರು ಬಿಡುತ್ತದೆ. ಸಕಲವಾರದಲ್ಲಿ ನಿಮ್ಹಾನ್ಸ್ ನಡೆಸಿದ ಹಳ್ಳಿಯ ಪ್ರಯೋಗ, 1985ರಲ್ಲಿ ಬಳ್ಳಾರಿ ಜಿಲ್ಲೆಯ ಮಾದರಿ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’, ಹೀಗೆ ಚಿಕಿತ್ಸೆ ಮೆಲ್ಲಮೆಲ್ಲನೆ ಹಳ್ಳಿಯ ಹತ್ತಿರಕ್ಕೆ ಬಂತು. ಆದರೂ ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಸಮೀಕ್ಷೆ ಕಂಡದ್ದೇನೆಂದರೆ, ಕಾಯಿಲೆಯ ಬಗೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆಸ್ಪತ್ರೆ ಹತ್ತಿರ ಬಂದರೂ ಅದರ ಬಾಗಿಲಿಗೆ ಹೋಗುವ ಧೈರ್ಯ ಹತ್ತಿರ ಬಂದಿರಲಿಲ್ಲ. ಆ ಧೈರ್ಯ ತುಂಬುವ ಕೆಲಸವನ್ನು ಫೋನು ಮಾಡಬಲ್ಲದು, ಮಾಡುತ್ತಲೂ ಇದೆ.

ತೊಡಕು ಹುಟ್ಟುವುದು ಅದೇ ಫೋನಿಗೆ ರೋಗಿಯ ಕಥೆ ಸರಕಾದಾಗ. ‘ನಿನ್ನೆ ನನ್ನ ಕ್ಲಿನಿಕ್ಕಿಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು’ ಎಂದು ಶುರುವಾಗುವ ವಿಡಿಯೊ ಯಾವಾಗಲೂ ಹೆಚ್ಚು ಓಡುತ್ತದೆ. ಹೆಸರು ಹೇಳಿಲ್ಲವಲ್ಲ, ಮುಖ ಮಸುಕು ಮಾಡಿದ್ದೇವಲ್ಲ ಎಂಬುದು ಮಾಡಿದವರ ಸಮಾಧಾನ. ಬೆಂಗಳೂರಿನಲ್ಲಿ ಅಷ್ಟು ಸಾಕಾಗಬಹುದೇನೋ, ಬೇಗೂರಿನಲ್ಲಿ ಸಾಲದು. ಒಂದು ಕಲ್ಪಿತ ಉದಾಹರಣೆ ನೋಡಿ: ‘ಗುಂಡ್ಲುಪೇಟೆ ಕಡೆಯ ಹುಡುಗಿ, ಮದುವೆಯಾಗಿ ಮೂರು ತಿಂಗಳು, ತವರಿಗೆ ವಾಪಸು ಬಂದಿದ್ದಾಳೆ, ಅಪ್ಪನಿಗೆ ಚೆಂಡುಹೂವಿನ ಬೇಸಾಯ.’ ಇದರಲ್ಲಿ ಹೆಸರಿಲ್ಲ. ಆದರೆ ಹೋಬಳಿಯ ಯಾವ ಬಸ್‌ಸ್ಟಾಪಿನಲ್ಲಿ ನಿಂತು ಕೇಳಿದರೂ ಇಂಥವರ ಮಗಳು ಎಂದು ಬೆರಳು ತೋರಿಸುವವರು ಸಿಗುತ್ತಾರೆ. ಊರು ಚಿಕ್ಕದಾದಷ್ಟೂ ಗುರುತು ಹೆಸರಿನಲ್ಲಿ ಇರುವುದಿಲ್ಲ, ವಿವರದಲ್ಲಿ ಇರುತ್ತದೆ. ಹಳೆಯ ಅಂಕಣದಲ್ಲಿ ವಿವರ ತೆಗೆಯಲು ಸಂಪಾದಕನೊಬ್ಬನಿದ್ದ. ರೀಲ್ಸ್‌ನಲ್ಲಿ ವೈದ್ಯರೇ ಲೇಖಕ, ವೈದ್ಯರೇ ಸಂಪಾದಕ. ಎರಡನೆಯ ಕೆಲಸಕ್ಕೆ ಅವರಿಗೆ ಯಾರೂ ತರಬೇತಿ ಕೊಟ್ಟಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಹಳೆಯ ಪತ್ರಿಕೆ ರದ್ದಿಗೆ ಹೋಗುತ್ತಿತ್ತು, ವಿಡಿಯೊ ವಾಟ್ಸಾಪಿನಲ್ಲಿ ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ. ಮುಂದೆ ಆ ಹುಡುಗಿಯ ತಂಗಿಗೆ ಸಂಬಂಧ ನೋಡುವವರ ಫೋನಿಗೂ ಅದು ಬರಬಹುದು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನು ಮೊದಲೇ ಕಂಡಿತ್ತು. ಗೋಪ್ಯತೆ ರೋಗಿಯ ಹಕ್ಕು ಎನ್ನುತ್ತದೆ ಅದರ 23ನೇ ಸೆಕ್ಷನ್. ಚಿಕಿತ್ಸೆಯಲ್ಲಿರುವವರ ಫೋಟೊ ಅಥವಾ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಕೂಡದು, ಡಿಜಿಟಲ್ ರೂಪದಲ್ಲಿರುವುದಕ್ಕೂ ಗೋಪ್ಯತೆ ಅನ್ವಯಿಸುತ್ತದೆ ಎನ್ನುತ್ತದೆ 24. ಹೆದ್ದಾರಿ ಪಕ್ಕದ ಸೂರ್ಯಕಾಂತಿ ಹೊಲಕ್ಕಿಳಿದು ಫೋಟೊ ತೆಗೆಯುವವರನ್ನು ಹೊಲದವರು ತಡೆದು ಕೇಳುವುದುಂಟು. ಹೊಲದ ಮೇಲಿರುವ ಆ ಯಜಮಾನಿಕೆ ಮನುಷ್ಯನಿಗೆ ತನ್ನ ದುಃಖದ ಮೇಲೂ ಇರಬೇಕು.

ರೋಗಿಯೇ ಒಪ್ಪಿದರೆ ಎಂದು ಕೇಳುವವರಿದ್ದಾರೆ. ಕಾನೂನು ಒಪ್ಪಿಗೆಗೆ ಜಾಗ ಬಿಟ್ಟಿದೆ, ನಿಜ. ಆದರೆ ಯಾರ ಕೈಯ ಚೀಟಿಯಿಂದ ತನಗೆ ನಿದ್ದೆ ಬಂದಿದೆಯೋ ಅವರು ಕೇಳಿದಾಗ ಇಲ್ಲವೆನ್ನುವ ಬಾಯಿ ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕಿದೆ? ‘ನೀವು ಹೇಳಿದಂಗೆ ಸಾ’ ಎಂಬುದು ಕೃತಜ್ಞತೆಯ ಮಾತು, ಅದನ್ನು ಒಪ್ಪಿಗೆಯೆಂದು ಎಣಿಸಬಾರದು. ಕೊಟ್ಟ ಒಪ್ಪಿಗೆಯನ್ನು ನಾಳೆ ಹಿಂದಕ್ಕೆ ಪಡೆದರೂ ಫಾರ್ವರ್ಡ್ ಆದ ವಿಡಿಯೊ ಹಿಂದಕ್ಕೆ ಬರುವುದಿಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಕಥೆಯಿಲ್ಲದೆ ಜನ ಕೇಳುವುದಿಲ್ಲ. ಮಂಟೇಸ್ವಾಮಿ, ಮಾದಪ್ಪನ ಕಥೆಗಳನ್ನು ರಾತ್ರಿಯಿಡೀ ಕೇಳಿ ಬೆಳೆದ ಸೀಮೆಗೆ ಪಟ್ಟಿಯೋದಿ ಬುದ್ಧಿ ಹೇಳಲಾಗದು, ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಥೆ ಬೇಕು, ಆದರೆ ಕಟ್ಟಿದ ಕಥೆ ಬೇಕು. ‘ಇದು ಯಾರ ಕಥೆಯೂ ಅಲ್ಲ, ತಿಳಿಯಲೆಂದು ಕಟ್ಟಿದ್ದು’ ಎಂದು ಮೊದಲೇ ತಿಳಿಸಿ ಹೇಳಿದರೆ ಕೇಳುವವರ ಆಸಕ್ತಿ ಕುಗ್ಗುವುದಿಲ್ಲ. ಚೆನ್ನಾಗಿ ಕಟ್ಟಿದ ಕಥೆಯಲ್ಲಿ ಜನ ತಮ್ಮನ್ನೇ ಕಂಡುಕೊಳ್ಳುತ್ತಾರೆ. ನಿಜವಾದ ಕಥೆಯಲ್ಲಿ ಪಕ್ಕದ ಮನೆಯವರನ್ನು ಹುಡುಕುತ್ತಾರೆ.

ವೃತ್ತಿಯವರು ಹೀಗೆ ಮಡಿ ಮಾಡುತ್ತ ಕೂತರೆ ಮಂತ್ರವಾದಿಯೂ, ಏಳು ದಿನದಲ್ಲಿ ಖಿನ್ನತೆ ಮಾಯ ಎನ್ನುವವನೂ ಜಾಗ ಹಿಡಿಯುತ್ತಾರೆ ಎಂಬ ಆತಂಕವೂ ಸರಿಯೇ. ಹಾಗೆಂದೇ ವೃತ್ತಿಯವರು ಅಲ್ಲಿರಬೇಕು ಎನ್ನುತ್ತಿದ್ದೇನೆ. ಆದರೆ ಮಾಯ ಮಾಡುವವನ ಮಾತಿನ ಧಾಟಿಯನ್ನೇ ಹಿಡಿದರೆ ಜನಕ್ಕೆ ಇಬ್ಬರಲ್ಲಿ ವ್ಯತ್ಯಾಸ ತಿಳಿಯುವುದಾದರೂ ಹೇಗೆ? ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮಗಳಲ್ಲಿ ಲೈಕು, ಫಾಲೋವರ್‌ಗಳನ್ನು ಕೊಳ್ಳಬಾರದು, ಸಾರ್ವಜನಿಕ ಜಾಲತಾಣದಲ್ಲಿ ರೋಗಿಗೆ ಔಷಧ ಬರೆಯಬಾರದು, ಅಲ್ಲಿ ಕೇಳಿಕೊಂಡು ಬಂದವರನ್ನು ದೂರಸಮಾಲೋಚನೆಗೋ ನೇರ ಭೇಟಿಗೋ ಕಳಿಸಬೇಕು ಎಂದಿತ್ತು. ಅದೇ ತಿಂಗಳು ಆ ನಿಯಮಗಳನ್ನು ತಡೆಹಿಡಿಯಲಾಯಿತು. ಅವು ಕಾಗದದ ಮೇಲೆ ನಿಂತಿದ್ದರೂ ವಿವೇಕ ನಿಲ್ಲಬೇಕಿಲ್ಲ. ಕಾಮೆಂಟಿನಲ್ಲಿ ಯಾರಾದರೂ ‘ಬದುಕು ಸಾಕಾಗಿದೆ’ ಎಂದು ಬರೆದರೆ ಅದಕ್ಕೆ ಒಂದು ಹೃದಯದ ಚಿತ್ರ ಹಾಕಿ ಮುಂದೆ ಹೋಗುವುದು ತಪ್ಪು, ಅಲ್ಲೇ ಎಲ್ಲರೆದುರು ಚಿಕಿತ್ಸೆ ಶುರು ಮಾಡುವುದೂ ತಪ್ಪು. ಅವರಿಗೆ ಬೇಕಾದದ್ದು ತಕ್ಷಣ ಮಾತಾಡುವ ಒಂದು ದನಿ.

ಆ ದನಿಗೆ ಈಗ ದಾರಿಯಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿ ಉಚಿತವಾಗಿ ನಡೆಯುತ್ತದೆ, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ವಿಡಿಯೊ ಮಾಡುವ ಮನೋವೈದ್ಯರಲ್ಲಿ, ಮನಃಶಾಸ್ತ್ರಜ್ಞರಲ್ಲಿ, ಆಪ್ತಸಮಾಲೋಚಕರಲ್ಲಿ ನನ್ನದೊಂದು ಕೋರಿಕೆ. ಎಷ್ಟು ಜನ ನೋಡಿದರೆಂದು ಎಣಿಸುವ ಹೊತ್ತಿನಲ್ಲಿ ನಿಮ್ಮ ವಿಡಿಯೊ ನೋಡಿ ಆಸ್ಪತ್ರೆಗೆ ಬಂದವರು ಎಷ್ಟೆಂದು ಒಮ್ಮೆ ಕೇಳಿ ನೋಡಿ. ಕಥೆ ಹೇಳಿದ ಮೇಲೆ ದಾರಿಯನ್ನೂ ಹೇಳಿ: ಯಾವ ತಾಲೂಕು ಆಸ್ಪತ್ರೆಯಲ್ಲಿ, ಯಾವ ವಾರ, ಯಾವ ಕೋಣೆಯಲ್ಲಿ ವೈದ್ಯರು ಸಿಗುತ್ತಾರೆ, ಜೊತೆಗೆ ಯಾರನ್ನು ಕರೆತರಬಹುದು, ಮಾತ್ರೆಗೆ ದುಡ್ಡು ಕೊಡಬೇಕೇ ಬೇಡವೇ. ಬೇಗೂರಿನ ಬೆಂಚಿನ ಮೇಲೆ ದನಿ ತಗ್ಗಿಸಿ ವಿಡಿಯೊ ನೋಡುತ್ತಿರುವವರಿಗೆ ಬೇಕಿರುವುದು ಇಷ್ಟೇ. ಇಲ್ಲಿಯವರೆಗೆ ಓದಿದ ನಿಮಗೂ ಒಂದು ಮಾತು: ನಿಮ್ಮ ಮನೆಯಲ್ಲಿ ಇಂಥ ನೋವಿದ್ದರೆ ಕಾಮೆಂಟಿನಲ್ಲಿ ಬರೆಯಬೇಡಿ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.