ಖಾಡಿಯ ದಂಡೆಯಲ್ಲಿ ವೀರಗಲ್ಲು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಪಾಲಿಗಾದರೋ ದೇಶ ಸುತ್ತುವುದೆಂದರೆ ಡೊಂಬಿವಲಿಯಿಂದ ಕಚೇರಿಗೆ, ಕಚೇರಿಯಿಂದ ಡೊಂಬಿವಲಿಗೆ ಎಂಬಂತಾಗಿದೆ. ಲೋಕಲ್ ಗಾಡಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತವನಿಗೆ ಹೊರಗಿನದು ಕಾಣುವುದಾದರೂ ಹೇಗೆ? ಆದರೆ ಒಂದೆರಡು ರಜೆಯ ದಿನ ಬಿಡುವು ಮಾಡಿಕೊಂಡು ಈ ಸೀಮೆಯನ್ನು ಸುತ್ತಿದವರಿಗೆ ಇದು ಅಷ್ಟೇನೂ ಪರಸ್ಥಳವಲ್ಲವೆಂಬುದು ತಿಳಿಯದೆ ಇರದು.

ಕಲ್ಯಾಣದಿಂದಲೇ ಹೊರಡೋಣ. ಖಾಡಿಯ ದಂಡೆಯ ಮೇಲೆ ದುರ್ಗಾಡಿ ಕೋಟೆಯಿದೆ. 1657ರಲ್ಲಿ ಶಿವಾಜಿ ಮಹಾರಾಜರು ಕಲ್ಯಾಣ-ಭಿವಂಡಿಗಳನ್ನು ಗೆದ್ದ ಮೇಲೆ ಮರಾಠರ ನೌಕಾಬಲಕ್ಕೆ ಮೊದಲ ಹಡಗುಗಳನ್ನು ಕಟ್ಟಿಸಿದ್ದು ಈ ನೀರಿನ ಮೇಲೆಯೇ. ಠಾಣೆಯ ಕೋಟೆಯನ್ನು ಪೋರ್ಚುಗೀಸರು ಕಟ್ಟಿಸತೊಡಗಿದರು. 1737ರಲ್ಲಿ ಮರಾಠರು ಗೆದ್ದರು. 1774ರಲ್ಲಿ ಇಂಗ್ಲಿಷರು ಕಸಿದುಕೊಂಡರು. ಈಗ ಅದು ಸೆರೆಮನೆ; ಹೊರಗಿನಿಂದ ನೋಡಿ ಬಂದರೇ ಕ್ಷೇಮ!

ಇವೆಲ್ಲಕ್ಕೂ ಮೊದಲು ಠಾಣೆ ಶಿಲಾಹಾರರ ರಾಜಧಾನಿಯಾಗಿತ್ತು. ಅಂಬರನಾಥದ ಶಿವಾಲಯ ಅವರದೇ. ಅಲ್ಲಿಯ ಶಾಸನದ ಕಾಲ 1060. ಈ ಶಿಲಾಹಾರರು ಮೊದಲಿಗೆ ನಮ್ಮ ರಾಷ್ಟ್ರಕೂಟರ ಸಾಮಂತರು. ಬೊರಿವಲಿಯ ಕನ್ಹೇರಿ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಶಾಸನಗಳು ಅಮೋಘವರ್ಷನ ಹೆಸರನ್ನು ಹೇಳುತ್ತವೆ. ‘ಕವಿರಾಜಮಾರ್ಗ’ದ ನೃಪತುಂಗನೆಂದು ನಾವು ಶಾಲೆಯಲ್ಲಿ ಓದಿದ್ದು ಈ ದೊರೆಯನ್ನೇ.

ಅದೇ ಬೊರಿವಲಿಯ ಎಕ್ಸರದಲ್ಲಿ, ಮನೆಗಳ ನಡುವೆ, ಆಳೆತ್ತರವನ್ನು ಮೀರಿದ ಕೆಲವು ವೀರಗಲ್ಲುಗಳಿವೆ. ಕನ್ನಡಿಗನಿಗೆ ಇವುಗಳ ಗುರುತು ಹೇಳಿಕೊಡಬೇಕಾಗಿಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಪೂಜೆ: ನಮ್ಮೂರಿನ ಕಲ್ಲಿನ ಕ್ರಮವೇ. ಆದರೆ ಇಲ್ಲಿಯ ಕೆಲವು ಕಲ್ಲುಗಳಲ್ಲಿ ಕುದುರೆಯ ಬದಲು ಹಡಗುಗಳಿವೆ. ಸಾಲು ಹುಟ್ಟುಗಳು ನೀರನ್ನು ಸೀಳುತ್ತಿವೆ. ದೇವಗಿರಿಯ ಯಾದವ ಮಹಾದೇವನಿಗೂ ಕೊನೆಯ ಶಿಲಾಹಾರ ಸೋಮೇಶ್ವರನಿಗೂ 1265ರ ಸುಮಾರಿಗೆ ನಡೆದ ಕಡಲಕಾಳಗದ ಚಿತ್ರವಿದೆಂದು ಕೆಲವು ವಿದ್ವಾಂಸರ ಮತ; ಇನ್ನೂ ಹಿಂದಿನದೆಂದು ಬೇರೆಯವರ ಮತ. ಅರಸರ ಹೆಸರಿಗೆ ಪುಸ್ತಕಗಳುಂಟು. ಆ ಹುಟ್ಟು ಹಾಕಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಹೆಸರು ಅಳಿಯುವುದಕ್ಕೆ ಶತಮಾನಗಳೇ ಬೇಕೆಂದೇನೂ ಇಲ್ಲ. ಖಾಡಿಯ ಆಚೆ ನವಿ ಮುಂಬಯಿಯನ್ನು ನೋಡಿ. ಊರು ಕಟ್ಟಲು 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿತು. ಆಗ್ರಿ, ಕೋಳಿ ಜನರು ಬತ್ತ ಬೆಳೆದು, ಉಪ್ಪು ತೆಗೆದು, ಮೀನು ಹಿಡಿದು ಬದುಕಿದ್ದ ನೆಲವದು. ತುರ್ಭೆ, ನೆರೂಳ, ಘಣಸೋಲಿ ಎಂಬವು ನಮಗೆ ಇಂದು ರೈಲು ನಿಲ್ದಾಣದ ಫಲಕಗಳು. ಅಲ್ಲಿಯ ಹಿರಿಯರಿಗೆ ಹುಟ್ಟೂರುಗಳು. ನಮ್ಮ ಊರೂ ನಮ್ಮ ಮಕ್ಕಳ ಪಾಲಿಗೆ ಬರಿಯ ಫಲಕವಾಗಬಾರದಷ್ಟೆ?

ಊರಿನ ಕಲ್ಲು ಎಷ್ಟು ಕಥೆ ಹೇಳಬಲ್ಲದೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ ಸಾಕ್ಷಿ. ತಕ್ಕೋಲದ ಕದನದಲ್ಲಿ ಗಂಗರ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಬೂತುಗನ ಕಡೆಯ ಮಣಲೇರ ಎಂಬ ವೀರನು ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟಳೆ ಮಾಡಿದರು. ಒಂದು ಸಾಮ್ರಾಜ್ಯದ ಯುದ್ಧವೂ ಒಂದು ಹಳ್ಳಿಯ ಬೇಟೆಯೂ ಒಂದೇ ಕಲ್ಲಿನಲ್ಲಿ! ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯ ಸೇರಿದೆ. ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಕೆಲವು ಬಟ್ಟೆ ಒಗೆಯುವ ಬಂಡೆಯಾಗಿವೆ, ಕೆಲವು ರಸ್ತೆ ಅಗಲ ಮಾಡುವಾಗ ಮಣ್ಣು ಸೇರಿವೆ.

ವೀರರು ಕಲ್ಲಿನ ಕಾಲಕ್ಕೇ ಮುಗಿದುಹೋಗಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರೂ ಇದ್ದರು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರಕ್ಕೆ ಕೊಂಕಣದ ಹುಡುಗನೂ ಬಂದ, ಕನ್ನಡ ನಾಡಿನ ಹುಡುಗನೂ ಬಂದ. ಇಂಥವರ ನೆನಪು ಕಲ್ಲಿನಲ್ಲಿಲ್ಲ, ಅಜ್ಜಿಯ ಟ್ರಂಕಿನಲ್ಲಿದೆ.

ಆದ್ದರಿಂದ ಬರುವ ಬೇಸಿಗೆಯಲ್ಲಿ ಊರಿಗೆ ಹೋಗುವವರು ಒಂದು ನೋಟುಪುಸ್ತಕ ಒಯ್ಯಬೇಕು. ಕಲ್ಲು ಯಾರ ಹೊಲದಲ್ಲಿದೆ, ಜನ ಅದನ್ನು ಏನೆಂದು ಕರೆಯುತ್ತಾರೆ, ಯಾವ ಹಬ್ಬಕ್ಕೆ ಎಣ್ಣೆ ಹಚ್ಚುತ್ತಾರೆ ಎಂದು ಮಕ್ಕಳ ಕೈಯಿಂದಲೇ ಬರೆಸಬೇಕು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಫೋಟೋ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬಣ್ಣ ಬಳಿಯುವುದು ಬೇಡ, ತಂತಿಯ ಬ್ರಶ್ಶಿನಿಂದ ತಿಕ್ಕುವುದೂ ಬೇಡ. ಟ್ರಂಕಿನಲ್ಲಿ ಮಹಾಯುದ್ಧದ ಪದಕವಿದ್ದರೆ ಅದರ ಅಂಚನ್ನು ನೋಡಿ. ಸಿಪಾಯಿಯ ನಂಬರು, ಹೆಸರು, ಪಲ್ಟನ್ನು ಅಲ್ಲಿ ಸಣ್ಣ ಅಕ್ಷರದಲ್ಲಿರುವುದುಂಟು. ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಪದಕ ಹೊಳೆದೀತು, ಹೆಸರು ಹೋದೀತು. 1962, 1965, 1971ರ ಯುದ್ಧಗಳಿಗೆ ಹೋಗಿ ಬಂದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರ ಬಳಿ ಕೂತು ಕೇಳುವ ಕೆಲಸವನ್ನು ಮುಂದಿನ ರಜೆಗೆ ತಳ್ಳುವಂತಿಲ್ಲ.

ಆತಕೂರಿನ ಗೊರವನ ಕಟ್ಟಳೆ ನಮಗೂ ಒಪ್ಪುವಂಥದೇ. ಪೂಜೆ ಮಾಡದಿದ್ದರೂ ಚಿಂತೆಯಿಲ್ಲ. ಊರು ತಲುಪಿದ ದಿನ ಎಲೆ ಹಾಕುವ ಮುನ್ನ ಮಕ್ಕಳನ್ನು ಕರೆದುಕೊಂಡು ಆ ಕಲ್ಲಿನವರೆಗೆ ಒಮ್ಮೆ ಹೋಗಿ ಬರೋಣ.