ಕರಡಿಗೆ ಇಟ್ಟ ಅಂಟಿನ ಉಂಡೆ

ಮೂರು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ ನಾವಿಬ್ಬರೂ ಅಮೆರಿಕದ ಮೇನ್ ರಾಜ್ಯಕ್ಕೆ ಹೋದದ್ದು ಬಾಣಂತನಕ್ಕಾಗಿ. ತಂಗಿಗೆ ಎರಡನೆಯ ಹೆರಿಗೆ. ತಾಯಿ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಆ ಸ್ಥಾನದಲ್ಲಿ ನಿಲ್ಲಬೇಕಾದವರು ನಾವೇ. ದೆಹಲಿಯ ಕಚೇರಿಯಲ್ಲಿ ಗಳಿಕೆ ರಜೆ ಒಟ್ಟುಗೂಡಿಸಿ, ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪಡೆದು ವಿಮಾನ ಹತ್ತುವಾಗ ಪೆಟ್ಟಿಗೆಯಲ್ಲಿ ನಾಲ್ಕು ಕಿಲೋ ಅಂಟಿನ ಉಂಡೆಗಳಿದ್ದವು. ಹೊಸಪೇಟೆಯ ನಮ್ಮ ಮನೆಯಲ್ಲಿ ಬಾಣಂತಿಗೆ ಮಾಡುವ ಕ್ರಮದಲ್ಲೇ ತುಪ್ಪದಲ್ಲಿ ಅಂಟು ಹುರಿದು, ಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿಸಿ ಕಟ್ಟಿದ ಉಂಡೆಗಳು ಅವು. ಅವುಗಳಲ್ಲಿ ಒಂದಷ್ಟು ಕೊನೆಗೆ ಕರಡಿಯ ಹೊಟ್ಟೆ ಸೇರುತ್ತವೆಂದು ಆಗ ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ತಂಗಿಯ ಮನೆಯಿರುವುದು ಕಾಡಿನ ಅಂಚಿನ ಒಂದು ಸಣ್ಣ ಊರಿನಲ್ಲಿ. ಮೇನ್ ರಾಜ್ಯದ ನೆಲದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕಾಡೇ. ಸ್ಪ್ರೂಸ್, ಫರ್ ಮರಗಳು ಒತ್ತೊತ್ತಾಗಿ ನಿಂತ ಆ ಕಾಡಿನಲ್ಲಿ ಇಪ್ಪತ್ತು ಹೆಜ್ಜೆಯಾಚೆ ಏನಿದೆಯೆಂಬುದು ಕಾಣಿಸುವುದಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಒಂಟಿಯಾಗಿದ್ದರು. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ತಂಗಿಯ ಹಿರಿಯ ಮಗಳಿಗೆ, ಹನ್ನೊಂದು ವರ್ಷದ ಹುಡುಗಿಗೆ, ಅವರೆಂದರೆ ಪ್ರಾಣ. ಹೋದ ಎರಡನೆಯ ದಿನವೇ ಅವಳು ನಮ್ಮ ಕೈಹಿಡಿದು ಅವರ ಅಂಗಳಕ್ಕೆ ಕರೆದೊಯ್ದಳು. ಅಲ್ಲಿ ಒಂದು ಹಳೆಯ ಟ್ರಕ್ಕು, ಅದರ ಹಿಂಬದಿಯಲ್ಲಿ ಸಾಲಾಗಿ ಪ್ಲಾಸ್ಟಿಕ್ ಬಕೆಟ್ಟುಗಳು. ಒಂದರಲ್ಲಿ ಬೇಕರಿಯವರು ಮಾರಾಟವಾಗದೆ ಬಿಟ್ಟ ಡೋನಟ್ಟುಗಳು, ಇನ್ನೊಂದರಲ್ಲಿ ಪಾಪ್‌ಕಾರ್ನ್, ಮತ್ತೊಂದರಲ್ಲಿ ಹೋಟೆಲಿನಿಂದ ತಂದ ಕರಿದ ಎಣ್ಣೆ, ಒಂದು ಡಬ್ಬಿಯಲ್ಲಿ ಕಾಕಂಬಿ. “ದೊಡ್ಡಮ್ಮ, ಇದು ಕರಡಿಗೆ,” ಎಂದಳು ಹುಡುಗಿ, ನಮ್ಮಲ್ಲಿ ಹಬ್ಬದ ಅಡುಗೆ ತೋರಿಸುವ ಸಂಭ್ರಮದಲ್ಲಿ.

ಮೇನ್‌ನಲ್ಲಿ ಕಪ್ಪು ಕರಡಿಯ ಬೇಟೆಯ ಕಾಲ ತೆರೆಯುವುದು ಆಗಸ್ಟಿನ ಕೊನೆಯ ಸೋಮವಾರ. ಅದಕ್ಕೆ ಒಂದು ತಿಂಗಳು ಮೊದಲಿನಿಂದ ಕಾಡಿನಲ್ಲಿ ಮೇವು ಇಡಲು ಕಾನೂನು ಅವಕಾಶ ಕೊಡುತ್ತದೆ. ವಾಹನ ಹೋಗುವ ದಾರಿಯಿಂದ ಕನಿಷ್ಠ 50 ಗಜ ದೂರವಿರಬೇಕು. ಜನವಸತಿಯಿಂದಲೂ ಇಷ್ಟು ದೂರವೆಂಬ ನಿಯಮವಿದೆ. ಇಟ್ಟವರ ಹೆಸರು, ವಿಳಾಸದ ಚೀಟಿ ಆ ಜಾಗದಲ್ಲಿ ತೂಗುತ್ತಿರಬೇಕು. ಕಾಲ ಮುಗಿದ ಮೇಲೆ ಎಲ್ಲವನ್ನೂ ಗುಡಿಸಿ ತೆಗೆಯಬೇಕು. ಕಡತಗಳ ನಡುವೆ ಬದುಕುವ ನಮಗೆ ಇದು ಅಪರಿಚಿತ ಲೋಕವೆನ್ನಿಸಲಿಲ್ಲ. ಕೊಲ್ಲುವುದಕ್ಕೂ ನಮೂನೆ, ಅನುಬಂಧಗಳಿವೆ ಎಂದು ನಾವಿಬ್ಬರೂ ರಾತ್ರಿ ಮಾತಾಡಿಕೊಂಡು ನಕ್ಕದ್ದೂ ಉಂಟು.

ಅಜ್ಜನಿಗೆ ಹಿಂದಿನ ಚಳಿಗಾಲದಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ಬಕೆಟ್ಟು ಹೊತ್ತು ಕಾಡಿನೊಳಗೆ ನಡೆಯುವುದು ಕಷ್ಟ. ಬಾಯಿಬಿಟ್ಟು ಕೇಳುವವರಲ್ಲ, ಆದರೆ ಎರಡು ಬಕೆಟ್ಟಿನ ಕೆಲಸಕ್ಕೆ ನಾಲ್ಕು ಬಾರಿ ಓಡಾಡುವುದನ್ನು ನೋಡಿ ಸುಮ್ಮನಿರಲು ನಮ್ಮಿಂದಾಗಲಿಲ್ಲ. ಬಾಣಂತಿ, ಮಗು ಮಲಗಿದ ಮಧ್ಯಾಹ್ನದ ಹೊತ್ತು ನಾವು ಸರದಿಯಲ್ಲಿ ಅವರೊಡನೆ ಹೋಗತೊಡಗಿದೆವು; ಹುಡುಗಿಯಂತೂ ದಿನವೂ ಜೊತೆಗೇ. ಮೇವು ಸುರಿಯುವವರು ಅವರು, ನಾವು ಬರಿಯ ಹೊರುವವರು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು.

ಆ ಜಾಗದಲ್ಲಿ ಒಂದು ನೀಲಿ ಪೀಪಾಯಿಯನ್ನು ಮರಕ್ಕೆ ಸರಪಳಿಯಿಂದ ಬಿಗಿದಿದ್ದರು. ಬದಿಯಲ್ಲಿ ಕರಡಿಯ ಮುಂಗಾಲು ತೂರುವಷ್ಟು ತೂತು. ಸ್ವಲ್ಪ ದೂರದಲ್ಲಿ, ಸಂಜೆಯ ಗಾಳಿ ಬೇಟೆಗಾರನಿಂದ ಪೀಪಾಯಿಯ ಕಡೆಗೆ ಬೀಸದ ಹಾಗೆ ನೋಡಿ, ಮರದ ಮೇಲೆ ಕಟ್ಟಿದ ಅಟ್ಟಣೆ. ಅಜ್ಜ ದಿನವೂ ಒಂದೇ ಹೊತ್ತಿಗೆ ಹೋಗುತ್ತಿದ್ದರು. ಒಂದೇ ರಬ್ಬರ್ ಬೂಟು ಹಾಕುತ್ತಿದ್ದರು. ಎಣ್ಣೆಯನ್ನು ನೆಲಕ್ಕೆ ಚೆಲ್ಲುತ್ತಿದ್ದರು. ಅದನ್ನು ತುಳಿದ ಕರಡಿ ಹೋದಲ್ಲೆಲ್ಲ ವಾಸನೆಯ ಜಾಡು ಬಿಡುತ್ತದೆ. ಬೇರೆ ಕರಡಿಗಳು ಆ ಜಾಡು ಹಿಡಿದು ಬರುತ್ತವೆ. ಎಲ್ಲ ಮುಗಿದ ಮೇಲೆ ಖಾಲಿ ಬಕೆಟ್ಟಿನಿಂದ ಪೀಪಾಯಿಗೆ ಎರಡು ಸಲ ಬಡಿಯುತ್ತಿದ್ದರು. “ಊಟ ಬಡಿಸಿದೆ ಎಂದು ಹೇಳುವುದು,” ಎಂದರು. ಕಲಗಚ್ಚಿನ ಬಕೆಟ್ಟಿನ ಸದ್ದಿಗೆ ಹಿತ್ತಿಲಿಂದ ಓಡಿಬರುತ್ತಿದ್ದ ಎಮ್ಮೆ ನಮಗೆ ನೆನಪಾಯಿತು.

ಒಂದು ದಿನ ಬೇಕರಿಯ ಚೀಲದಲ್ಲಿ ಚಾಕೊಲೇಟ್ ಹಚ್ಚಿದ ಡೋನಟ್ಟುಗಳಿದ್ದವು. ಅಜ್ಜ ಒಂದೊಂದನ್ನೇ ಆರಿಸಿ ಕಸದ ಡಬ್ಬಿಗೆ ಹಾಕಿದರು. 2014ರಲ್ಲಿ ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಒಂದು ಮೇವಿನ ಜಾಗದ ಬಳಿ ನಾಲ್ಕು ಕರಡಿಗಳು, ಎರಡು ದೊಡ್ಡ ಹೆಣ್ಣು ಮತ್ತು ಎರಡು ಮರಿ, ಸತ್ತು ಬಿದ್ದಿದ್ದವು. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತು ಅವುಗಳಿಗೆ ವಿಷವಾಗಿತ್ತು. ಆಮೇಲೆ ಆ ರಾಜ್ಯ ಮೇವಿನಲ್ಲಿ ಚಾಕೊಲೇಟನ್ನು ನಿಷೇಧಿಸಿತು. ಗುಂಡಿಕ್ಕಿ ಕೊಲ್ಲಲಿರುವ ಪ್ರಾಣಿಗೆ ವಿಷವಾಗಬಾರದೆಂಬ ಈ ಎಚ್ಚರವನ್ನು ಏನೆಂದು ಕರೆಯಬೇಕೋ ನಮಗೆ ತಿಳಿಯಲಿಲ್ಲ. ಅದು ಆಷಾಢಭೂತಿತನವಲ್ಲ ಎಂಬುದು ಮಾತ್ರ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಕರಡಿ ಬೇಟೆಯೆಂದರೆ ನಮಗೆ ತಿಳಿದಿದ್ದುದು ಇಂಗ್ಲಿಷ್ ಎಂ.ಎ. ಓದುವಾಗ ಕಂಡ ವಿಲಿಯಂ ಫಾಕ್ನರನ ‘ದಿ ಬೇರ್’ ಕಥೆ, ಅಷ್ಟೆ. 1942ರ ‘ಗೋ ಡೌನ್, ಮೋಸಸ್’ ಪುಸ್ತಕದ ಆ ಕಥೆಯಲ್ಲಿ ಹುಡುಗನಿಗೆ ಕರಡಿ ಕಾಣಿಸಬೇಕಾದರೆ ಅವನು ಕೋವಿಯನ್ನು ಬಿಟ್ಟು ಹೋಗಬೇಕು. ಕೊನೆಗೆ ಗಡಿಯಾರ, ದಿಕ್ಸೂಚಿಗಳನ್ನೂ ಪೊದೆಗೆ ತೂಗುಹಾಕಿ ಬರಿಗೈಯಲ್ಲಿ ಕಾಡನ್ನು ಹೊಗಬೇಕು. ಪರೀಕ್ಷೆಗೆಂದು ಅದರ ಮೇಲೆ ಪುಟಗಟ್ಟಲೆ ಬರೆದವರು ನಾವು. ಇಲ್ಲಿ ನೋಡಿದರೆ ಹಳಸಿದ ಡೋನಟ್ಟು! ಒಂದು ಸಂಜೆ ಸಂಕೋಚ ಬಿಟ್ಟು ಕೇಳಿಯೇಬಿಟ್ಟೆವು: ಉಣಿಸಿ ಕೊಲ್ಲುವುದು ನ್ಯಾಯವೇ?

ಅಜ್ಜ ಸಿಟ್ಟಾಗಲಿಲ್ಲ. ಆ ಪ್ರಶ್ನೆಯನ್ನು ಅವರ ರಾಜ್ಯವೇ ಎರಡು ಸಲ ಕೇಳಿಕೊಂಡಿದೆ ಎಂದರು. ಮೇವು, ನಾಯಿ, ಉರುಲು ಈ ಮೂರನ್ನೂ ಕರಡಿ ಬೇಟೆಯಲ್ಲಿ ನಿಷೇಧಿಸಬೇಕೇ ಎಂದು 2004ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಮೇನ್ ಜನ ಮತ ಹಾಕಿದರು. ಎರಡೂ ಸಲ ‘ಬೇಡ’ ಎಂದವರೇ ತುಸು ಹೆಚ್ಚು. ಕೊಲೊರಾಡೊ 1992ರಲ್ಲಿ, ಆರೆಗನ್ 1994ರಲ್ಲಿ, ವಾಷಿಂಗ್ಟನ್ ರಾಜ್ಯ 1996ರಲ್ಲಿ ಮತದಿಂದಲೇ ಮೇವನ್ನು ನಿಲ್ಲಿಸಿವೆ. “ಅವರ ಬೆಟ್ಟಗಳಲ್ಲಿ ದೂರದ ಕರಡಿ ಕಾಣುತ್ತದೆ. ನಮ್ಮ ಕಾಡಿನಲ್ಲಿ ಕರಡಿ ಕಾಣಬೇಕಾದರೆ ಅದೇ ಬರಬೇಕು,” ಎಂಬುದು ಅಜ್ಜನ ವಾದ. ಪೀಪಾಯಿಯ ಮುಂದೆ ಕರಡಿ ನಿಧಾನವಾಗಿ ನಿಲ್ಲುತ್ತದೆ. ಪೀಪಾಯಿಯ ಎತ್ತರದೊಡನೆ ಹೋಲಿಸಿ ಅದರ ಗಾತ್ರ ಅಳೆಯಬಹುದು. ಹಿಂದೆ ಮರಿಗಳಿವೆಯೇ ಎಂದು ಕಾದು ನೋಡಬಹುದು. ಒಂದೇ ಗುಂಡಿಗೆ ಮುಗಿಸಬಹುದು. ಮರಿಗಳಿರುವ ತಾಯಿಗೆ ತಾವು ಎಂದೂ ಕೋವಿ ಎತ್ತಿಲ್ಲವೆಂದರು. ರಾಜ್ಯದಲ್ಲಿ ಮೂವತ್ತು ಸಾವಿರದ ಆಸುಪಾಸಿನಲ್ಲಿ ಕರಡಿಗಳಿವೆ, 1975ರಿಂದ ವಿಜ್ಞಾನಿಗಳು ಚಳಿಗಾಲದಲ್ಲಿ ಗುಹೆಗಳಿಗೆ ಹೋಗಿ ತಾಯಿ, ಮರಿಗಳ ಲೆಕ್ಕ ಇಡುತ್ತಿದ್ದಾರೆ, ಸಂತತಿಗೆ ಕುಂದಿಲ್ಲ. ವಾದದಲ್ಲಿ ಬಿರುಕು ಕಾಣಲಿಲ್ಲ. ಆದರೂ ಒಪ್ಪಿಗೆಯೆನ್ನಿಸಲಿಲ್ಲ.

ಕಚೇರಿಯ ವಾಡಿಕೆಯಂತೆ ನಮ್ಮ ದೇಶದ ಕಾನೂನನ್ನು ಮುಂದಿಟ್ಟೆವು. 1972ರ ವನ್ಯಜೀವಿ ಕಾಯಿದೆಯಡಿ ನಮ್ಮಲ್ಲಿ ಕರಡಿ ಬೇಟೆ ಅಪರಾಧ. ನಮ್ಮೂರ ಹತ್ತಿರ ದರೋಜಿಯಲ್ಲಿ 1994ರಿಂದ ಕರಡಿಗಳಿಗೆಂದೇ ಒಂದು ಧಾಮವಿದೆ. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಬರುತ್ತಾರೆ, ಕರಡಿಗಳು ಗುಡ್ಡದಿಂದಿಳಿದು ಬಂದು ನೆಕ್ಕುತ್ತವೆ, ನಾವು ವೀಕ್ಷಣಾ ಗೋಪುರದಲ್ಲಿ ಕುಳಿತು ನೋಡಿ ಆನಂದಪಡುತ್ತೇವೆ ಎಂದು ಹೆಮ್ಮೆಯಿಂದ ವರ್ಣಿಸಿದೆವು.

“ಗುಂಡು ಹೊಡೆಯದಿದ್ದರೆ ಬೆಲ್ಲ ಏಕೆ?”

“ನೋಡುವುದಕ್ಕೆ.”

ಅಜ್ಜ ಗಟ್ಟಿಯಾಗಿ ನಕ್ಕರು. “ಹಾಗಾದರೆ ನೀವೂ ಮೇವಿಡುವವರೇ. ನಾನು ತಿನ್ನುತ್ತೇನೆ, ನೀವು ನೋಡುತ್ತೀರಿ.”

ಉತ್ತರ ಹೊಳೆಯಲಿಲ್ಲ. ದರೋಜಿಯ ಬೆಲ್ಲದಾಚೆ ಕೋವಿಯಿಲ್ಲ ಎಂಬ ಮಾತು ಬಾಯಿಗೆ ಬಂದದ್ದು ಮನೆಗೆ ಮರಳಿದ ಮೇಲೆ. ಅದು ದೊಡ್ಡ ವ್ಯತ್ಯಾಸವೇ, ಸಂಶಯವಿಲ್ಲ. ಆದರೆ ಕರಡಿ ಕಲಿಯುವ ಪಾಠ ಎರಡೂ ಕಡೆ ಒಂದೇ: ಮನುಷ್ಯ ಬಂದು ಹೋದನೆಂದರೆ ಅಲ್ಲಿ ಸಿಹಿಯಿರುತ್ತದೆ.

ಇತ್ತ ಮನೆಯಲ್ಲಿ ಅಂಟಿನ ಉಂಡೆ ಉಳಿಯುತ್ತಿತ್ತು. ತಂಗಿ ದಿನಕ್ಕೆ ಅರ್ಧ ತಿಂದರೆ ಹೆಚ್ಚು. ಆಗಸ್ಟಿನ ಸೆಕೆಗೆ ಕೆಲವು ಉಂಡೆಗಳ ಕೊಬ್ಬರಿ ಕಮಟು ಹಿಡಿಯಿತು. ಎಸೆಯಲು ಮನಸ್ಸು ಬಾರದೆ ತೆಗೆದಿಟ್ಟಿದ್ದೆವು. ಬೇಟೆಯ ಕಾಲ ತೆರೆಯಲು ಒಂದು ವಾರವಿದ್ದಾಗ ಹುಡುಗಿ ಕೇಳಿದಳು: “ದೊಡ್ಡಪ್ಪ, ಇದನ್ನು ಕರಡಿಗೆ ಕೊಡೋಣವಾ?” ನಾವು ‘ಹೂಂ’ ಎಂದೆವು. ಅನ್ನ ಹಾಳಾಗಬಾರದೆಂಬುದೊಂದೇ ಆಗ ತಲೆಯಲ್ಲಿದ್ದದ್ದು. ಅಂದು ಅವಳೇ ಹದಿನೈದು ಉಂಡೆಗಳನ್ನು ಬಕೆಟ್ಟಿಗೆ ಎಣಿಸಿ ಹಾಕಿದಳು. ಪೀಪಾಯಿಗೆ ಎರಡು ಸಲ ಬಡಿದವಳೂ ಅವಳೇ.

ಮರುದಿನ ಅಜ್ಜ ಮರಕ್ಕೆ ಕಟ್ಟಿದ್ದ ಕ್ಯಾಮೆರಾದ ಚಿತ್ರಗಳನ್ನು ತಂದು ತೋರಿಸಿದರು. ಮೊದಲು ಬಂದದ್ದು ಎರಡು ಮರಿಗಳ ತಾಯಿ. ಅಷ್ಟು ದಿನವೂ ಬರುತ್ತಿದ್ದದ್ದು ಅದೇ. ಅದು ಹೋದ ಮೇಲೆ, ಕತ್ತಲೆಯಲ್ಲಿ, ಹಿಂದೆಂದೂ ಕಾಣದ ಒಂದು ಗಂಡು ಕರಡಿ. ಅಗಲವಾದ ತಲೆಯ ಎರಡು ಬದಿಗೆ ಸಣ್ಣದಾಗಿ ಕಾಣುವ ಕಿವಿಗಳು. ದೊಡ್ಡ ಕರಡಿಯ ಗುರುತು ಅದು. ಒಂದು ಚಿತ್ರದಲ್ಲಿ ಅದು ಕುಳಿತು ಎರಡು ಮುಂಗಾಲುಗಳ ನಡುವೆ ಉಂಡೆಯೊಂದನ್ನು ಹಿಡಿದುಕೊಂಡಿತ್ತು. ಹುಡುಗಿ ಆ ಚಿತ್ರವನ್ನು ಬಾಣಂತಿ ಕೋಣೆಗೆ ಒಯ್ದು ಅಮ್ಮನಿಗೆ ತೋರಿಸಿದಳು. ಮನೆಯೆಲ್ಲ ನಕ್ಕಿತು. ಹೊಸಪೇಟೆಯ ಅಡುಗೆಗೆ ಕರಡಿಯ ಮೆಚ್ಚುಗೆಯೂ ಸಿಕ್ಕಿತೆಂದು ನಾವೂ ನಕ್ಕೆವು. ಅಂದಿನಿಂದ ಆ ಗಂಡು ದಿನವೂ ಬಂತು. ಬರಬರುತ್ತ ಬೆಳಕಿರುವಾಗಲೇ ಬರತೊಡಗಿತು.

ಸೋಮವಾರ, ಮಂಗಳವಾರ ಅಜ್ಜ ಅಟ್ಟಣೆಯೇರಿ ಕುಳಿತು ಬರಿಗೈಯಲ್ಲಿ ಮರಳಿದರು. ತಾಯಿ, ಮರಿಗಳು ಬಂದಿದ್ದವಂತೆ, ಅವು ಹೋಗುವವರೆಗೆ ಅಲ್ಲಾಡದೆ ಕುಳಿತಿದ್ದರಂತೆ. ಬುಧವಾರ ರಾತ್ರಿ ಟ್ರಕ್ಕಿನ ದೀಪಗಳು ಅಂಗಳಕ್ಕೆ ತಿರುಗಿದವು. ಅಜ್ಜ ಕೂಗಿ ಕರೆದರು. ಟ್ರಕ್ಕಿನ ಹಿಂಬದಿಯಲ್ಲಿ ಅದು ಮಲಗಿತ್ತು. ಸತ್ತ ಕರಡಿ ಅಷ್ಟು ಕಪ್ಪಗಿರುತ್ತದೆಂದು ನಾವು ತಿಳಿದಿರಲಿಲ್ಲ. ದೀಪದ ಬೆಳಕನ್ನೆಲ್ಲ ಅದು ಹೀರಿಕೊಳ್ಳುತ್ತಿತ್ತು. ಸೆಕೆಗೆ ಮಾಂಸ ಕೆಡುವ ಮುನ್ನ ಮಂಜುಗಡ್ಡೆ ತುಂಬಬೇಕೆಂದು ಅಜ್ಜ ಅವಸರದಲ್ಲಿದ್ದರು. ರಾಜ್ಯದ ನಿಯಮದಂತೆ ಒಂದು ಸಣ್ಣ ಹಲ್ಲನ್ನು ಕಿತ್ತು ಲಕೋಟೆಗೆ ಹಾಕಿ ಕಳುಹಿಸಬೇಕು; ಮರದ ಉಂಗುರ ಎಣಿಸುವಂತೆ ಹಲ್ಲಿನ ಉಂಗುರ ಎಣಿಸಿ ವಿಜ್ಞಾನಿಗಳು ವಯಸ್ಸು ಹೇಳುತ್ತಾರೆ.

ಹುಡುಗಿ ಹೊಸಿಲಲ್ಲೇ ನಿಂತಿದ್ದಳು. ಅಳಲಿಲ್ಲ. ಸಣ್ಣಂದಿನಿಂದ ಅಜ್ಜನ ಬೇಟೆ ಕಂಡವಳು. ನಾವು ಒಳಗೆ ಬಂದಾಗ ಕನ್ನಡದಲ್ಲಿ ಕೇಳಿದಳು: “ಅದು ನಮ್ಮ ಉಂಡೆಗೆ ಬಂದದ್ದಲ್ವಾ?”

ಸುಳ್ಳು ಹೇಳಬಹುದಿತ್ತು. ಡೋನಟ್ಟಿಗೂ ಬರುತ್ತಿತ್ತು ಎನ್ನಬಹುದಿತ್ತು. ಅದು ನಿಜವೂ ಇರಬಹುದು. ಚಳಿಗಾಲದ ನಿದ್ರೆಗೆ ಮುನ್ನ ಕರಡಿಯ ಹಸಿವಿಗೆ ಮಿತಿಯೇ ಇರುವುದಿಲ್ಲ. ಕಾಡಿನಲ್ಲಿ ಬೀಚ್ ಮರಗಳು ಕಾಯಿ ಬಿಡದ ವರ್ಷ ಅವು ಮೇವಿಗೆ ಇನ್ನೂ ಸುಲಭವಾಗಿ ಒಲಿಯುತ್ತವಂತೆ. ಆದರೆ ನಾವು “ಹೌದು” ಎಂದೆವು. ಅವಳು ತಲೆಯಾಡಿಸಿ ಮಲಗಲು ಹೋದಳು. ಆ ರಾತ್ರಿ ಮಗು ಎರಡು ಸಲ ಎದ್ದಿತು. ನಮಗಂತೂ ನಿದ್ದೆಯೇ ಹತ್ತಲಿಲ್ಲ.

ಉಂಡವನ ದ್ರೋಹಕ್ಕೆ ನಮ್ಮ ಭಾಷೆಯಲ್ಲಿ ಮಾತುಗಳು ಬೇಕಾದಷ್ಟಿವೆ. ಉಂಡ ಮನೆಗೆ ಎರಡು ಬಗೆಯಬಾರದು, ಉಂಡ ಮನೆಯ ಜಂತೆ ಎಣಿಸಬಾರದು. ಉಣಿಸಿದವನ ದ್ರೋಹಕ್ಕೆ ಗಾದೆ ಹುಡುಕಿದರೆ ಥಟ್ಟನೆ ಸಿಗುವುದಿಲ್ಲ. ಭೀಮನಿಗೆ ವಿಷದ ಊಟ ಬಡಿಸಿದ ದುರ್ಯೋಧನನ ಕಥೆ ನೆನಪಾಗುತ್ತದೆ. ಬಡಿಸುವ ಕೈಯನ್ನು ಯಾರೂ ಶಂಕಿಸಬಾರದೆಂದು ನಮ್ಮ ಹಿರಿಯರು ಬಗೆದಿದ್ದರೇನೋ. ಮಂಡಿನೋವಿನ ಆ ಅಜ್ಜನನ್ನು ದುರ್ಯೋಧನನ ಸಾಲಿಗೆ ಸೇರಿಸಲು ಮನಸ್ಸು ಒಪ್ಪುವುದಿಲ್ಲ. ಚಳಿಗಾಲವೆಲ್ಲ ಆ ಮಾಂಸವೇ ಅವರ ಊಟ. ಒಂದು ತುಂಡನ್ನೂ ಹಾಳುಮಾಡಿದವರಲ್ಲ. ನಾವು ಹಾಕಿದ ಉಂಡೆಗಾದರೋ ಅಂಥ ಕಾರಣವೂ ಇರಲಿಲ್ಲ. ಹಾಳಾಗುವ ತಿನಿಸನ್ನು ಹಾಳುಮಾಡಬಾರದೆಂದು, ಚಿತ್ರದಲ್ಲಿ ನೋಡಿ ನಗಬಹುದೆಂದು ಹಾಕಿದೆವು. ದರೋಜಿಯ ಗೋಪುರದಲ್ಲಿ ಕುಳಿತಾಗಿನ ಅದೇ ಕುತೂಹಲ. ಈ ಸಲ ಪೀಪಾಯಿಯ ಎದುರಿಗೆ ಕೋವಿಯಿದೆಯೆಂದು ಚೆನ್ನಾಗಿ ಗೊತ್ತಿದ್ದೂ ಹಾಕಿದೆವು.

ಹಲ್ಲಿನ ಲೆಕ್ಕ ಮರುವರ್ಷ ತಿಳಿಯಿತು. ಕರಡಿಗೆ ಏಳು ವರ್ಷವಂತೆ. ಹುಡುಗಿಗಿಂತ ನಾಲ್ಕು ವರ್ಷ ಚಿಕ್ಕದು. ಫೋನಿನಲ್ಲಿ ಆ ಸುದ್ದಿ ಹೇಳಿದವಳೂ ಅವಳೇ. ಅವಳು ಈಗಲೂ ಅಜ್ಜನೊಡನೆ ಕಾಡಿಗೆ ಹೋಗುತ್ತಾಳೆ, ಬಕೆಟ್ಟು ಹೊರುತ್ತಾಳೆ. ಆದರೆ ಪೀಪಾಯಿಗೆ ಬಡಿಯುವುದಿಲ್ಲವಂತೆ. ಏಕೆಂದು ನಾವು ಕೇಳಿಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ ತಂಗಿ ಹೇಳಿದಳು: “ಪಕ್ಕದ ಮನೆಯವರು ಕೇಳಿದರು, ಆ ಭಾರತದ ಸಿಹಿ ಇನ್ನಷ್ಟು ಸಿಗುತ್ತದೆಯೇ ಎಂದು. ಅಂಥ ಕರಡಿ ಆಮೇಲೆ ಬಂದೇ ಇಲ್ಲವಂತೆ.” ಬರುವ ತಿಂಗಳು ಪರಿಚಯದವರೊಬ್ಬರು ಆ ಕಡೆಗೆ ಹೊರಟಿದ್ದಾರೆ, ಕೊಟ್ಟರೆ ಒಯ್ಯುತ್ತಾರೆ. ಅಂಟು, ಕೊಬ್ಬರಿ, ಉತ್ತತ್ತಿ ಹೊಸಪೇಟೆಯಿಂದ ಬಂದು ಅಡುಗೆಮನೆಯ ಕಪಾಟಿನಲ್ಲಿವೆ. ತಂಗಿಗೆಂದೇ ತರಿಸಿದ್ದು ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡಿದ್ದೇವೆ. ಉಂಡೆಯನ್ನು ಇನ್ನೂ ಕಟ್ಟಿಲ್ಲ.